ಗಿಣಿಗೆ ತಕ್ಕ ಕಟ್ಟಿಗೆ

ಚೊಚ್ಚಲ ಬಾಣಂತನ ಮುಗಿಸಿ ಮಗಳು ಕೂಸಿನೊಂದಿಗೆ ಗಂಡನ ಮನೆಗೆ ಹೊರಟಾಗ ತವರಿನವರು ತೊಟ್ಟಿಲು ಕೊಟ್ಟು ಕಳಿಸುವುದು ನಮ್ಮ ಮನೆತನದ ಪದ್ಧತಿ. ಅದರ ಮೇಲೆ ತೂಗುಹಾಕಲು ಕಟ್ಟಿಗೆಯ ಗಿಣಿ ತರುವುದು ಹೆತ್ತವಳ ಅಣ್ಣತಮ್ಮಂದಿರ ಪಾಲು. ನಮ್ಮ ಅಕ್ಕ ಬೇವೂರಿನಿಂದ ಮೊದಲ ಮಗಳನ್ನೆತ್ತಿಕೊಂಡು ಕಾರಟಗಿಗೆ ಹೊರಟಾಗ ನಾನಿನ್ನೂ ಕಾಲೇಜು ಹುಡುಗ. ಕೊಪ್ಪಳದಲ್ಲಿ ಗಿಣಿ ಕೊಂಡೆ, ಬಸ್ಸಿನ ಸೀಟಿನ ಮೇಲಿಟ್ಟೆ, ಗಂಗಾವತಿಯಲ್ಲಿ ಚಹಾ ಕುಡಿಯಲು ಇಳಿದೆ. ಬಸ್ಸು ಹೋಯಿತು. ಅಕ್ಕನ ತೊಟ್ಟಿಲು ಬೋಳಾಗಿಯೇ ಅತ್ತೆಮನೆಯ ಹೊಸ್ತಿಲು ದಾಟಿತು.

"ನಮ್ಮ ತಮ್ಮ ಭಾಳ ಧರ್ಮಾತ್ಮ, ಬಸ್ಸಿಗೆ ಗಿಣಿ ದಾನ ಮಾಡ್ಯಾನ" ಎಂದು ಅಂದಿನಿಂದ ಬಂದವರೆದುರಿಗೆಲ್ಲ ಅವಳ ಚೇಷ್ಟೆ. ನಾನೂ ನಗುತ್ತಿದ್ದೆ.

ಹೋದ ವರ್ಷ ಅದೇ ಮಗಳಿಗೆ ಗಂಡುಮಗು ಹುಟ್ಟಿತು. ಅವಳಿಗೆ ಅಣ್ಣತಮ್ಮಂದಿರಿಲ್ಲ, ಹಾಗಾಗಿ ಗಿಣಿ ಮತ್ತೆ ನನ್ನ ಪಾಲಿಗೇ ಬಂತು. ತಾಯಿ ಮಗುವನ್ನು ಐದನೇ ತಿಂಗಳಲ್ಲಿ ಕಳಿಸುವುದೆಂದು ನಿಶ್ಚಯವಾಯಿತು.

"ತಮ್ಮಾ, ಈ ಸಲನಾದ್ರೂ ಗಿಣಿ ಮನಿ ಮುಟ್ಟತಾವೇನೋ?" ಎಂದಳು ಅಕ್ಕ ಫೋನಿನಲ್ಲಿ.

"ಕೊಂಡು ತರಂಗಿಲ್ಲ. ನಾನೇ ಮಾಡತೀನಿ" ಎಂದೆ, ಬಿರುಸಾಗಿ.

ನಾನು ಕುಷ್ಟಗಿಯಲ್ಲಿ ಚಿತ್ರಕಲೆಯ ಮಾಸ್ತರ. ಮನೆಯಲ್ಲಿ ಸಣ್ಣ ಗರಗಸದ ಮಷಿನ್ ಇಟ್ಟುಕೊಂಡಿದ್ದೇನೆ. ದಾರದಂಥ ಬ್ಲೇಡು ಮೇಲೆ ಕೆಳಗೆ ಕುಣಿಯುತ್ತ ತೆಳು ಹಲಗೆಯಲ್ಲಿ ಹೂವಿನ ಎಸಳನ್ನೂ ಹಕ್ಕಿಯ ಗರಿಯನ್ನೂ ಬಿಡಿಸಿಕೊಡುತ್ತದೆ. ಕೈ ಪಳಗಿದೆ ಎಂಬ ಸೊಕ್ಕು ಬೇರೆ. ಅಕ್ಕನ ಮನೆಗೆ ಒಯ್ಯುವುದೆಂದರೆ ಸಾಗವಾನಿಯೇ ಆಗಬೇಕೆಂದು ಹಲಗೆ ತಂದೆ. ದುಬಾರಿ ಹಲಗೆ ಹಾಳಾಗಬಾರದೆಂದು ಗಿಣಿಗಳ ಚಿತ್ರವನ್ನು ಅಡ್ಡಡ್ಡ ಅಂಟಿಸಿದೆ. ಉದ್ದ ಬಾಲ ಕಟ್ಟಿಗೆಯ ಎಳೆಗೆ ಅಡ್ಡವಾಯಿತು. ಒಂದರ ಬಾಲ ಕೊರೆಯುವಾಗಲೇ ಚಟ್ಟೆಂದಿತು, ಇನ್ನೊಂದರದು ಉಜ್ಜುವಾಗ. ನಾನು ಮಷಿನ್ನಿಗೆ ಬೈದೆ. ನಮ್ಮಾಕಿ ಅಡಿಗೆಮನೆಯಿಂದಲೇ, "ಕುಣೀಲಿಕ್ಕೆ ಬರದಾಕಿ ನೆಲ ಡೊಂಕು ಅಂದ್ಲಂತ" ಎಂದಳು.

ಮುರಿದ ಬಾಲಗಳನ್ನು ಜೇಬಿನಲ್ಲಿಟ್ಟುಕೊಂಡು ಕೊಪ್ಪಳದ ಸಾಮಿಲ್ಲಿಗೆ ಹೋದೆ. ಅಲ್ಲಿನ ಮುದುಕ ಬಡಿಗ ಅವನ್ನು ಬೆಳಕಿಗೆ ಹಿಡಿದು ನೋಡಿದ.

"ಮಾಸ್ತರ, ಬಾಗಲಾ ಮಾಡೂದಿತ್ತಂದ್ರ ಸಾಗವಾನಿ ಒಯ್ರಿ. ಗಿಣಿಗ್ಯಾಕ್ರಿ ಬಾಗಲದ ಭಾರ?"

ಇದ್ದದ್ದು ಇದ್ದಂತೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ನನಗೂ ಸಿಟ್ಟು ಬಂತು. ಅವನು ಲೆಕ್ಕಿಸದೆ ಮೂಲೆಯಿಂದ ಬೆಳ್ಳಗಿನ ಶಿವನಿ ಹಲಗೆಯೊಂದನ್ನು ಎಳೆದು ನನ್ನ ಕೈಗಿಟ್ಟ. ರೊಟ್ಟಿ ಹಿಡಿದಷ್ಟು ಹಗುರ.

"ಗಂಟಿಲ್ಲ, ಸಿಬರಿಲ್ಲ. ಕೂಸು ಬಾಯಾಗ ಇಟಗೊಂಡ್ರೂ ಚುಚ್ಚಂಗಿಲ್ಲ. ಬಾಲ ಮಾತ್ರ ಎಳಿ ಹಿಡದು ಹೋಗ್ಲಿರಿ, ಅಡ್ಡ ಹಾಕಬ್ಯಾಡ್ರಿ."

ಅವನು ಹೇಳಿದಂತೆ ಮಾಡಿದೆ. ಬ್ಲೇಡು ಗೊಣಗದೆ ತಿರುಗಿತು. ಎರಡು ಗಿಣಿ, ನಡುವೆ ದಾಸವಾಳದ ಹೂವು. ಬಣ್ಣ ಬಳಿಯದೆ ಬರೀ ಕೊಬ್ಬರಿ ಎಣ್ಣೆ ಸವರಿದೆ. ನಾಲ್ಕು ದಿನ ಶಾಲೆಯಿಂದ ಬಂದವನೇ ಅವನ್ನು ನೋಡುತ್ತ ಕೂತೆ, ಭಾಳ ಖುಷಿಯಾಗಿದ್ದೆ.

ಕಾರಟಗಿಗೆ ಹೋಗುವಾಗ ಗಿಣಿಗಳ ಗಂಟು ತೊಡೆಯ ಮೇಲೇ ಇತ್ತು. ಗಂಗಾವತಿಯಲ್ಲಿ ಚಹಾಕ್ಕೆ ಇಳಿಯಲಿಲ್ಲ.

ಅಕ್ಕ ಗಿಣಿಗಳನ್ನು ಅಂಗೈಯಲ್ಲಿ ತೂಗಿ ನೋಡಿದಳು. "ಸಾಗವಾನಿ ಅಲ್ಲೇನೋ?"

"ಅಲ್ಲಕ್ಕಾ, ಶಿವನಿ" ಎಂದೆ.

ಅಕ್ಕ ಒಳಗೆ ಹೋದಳು. ಟ್ರಂಕಿನ ಸದ್ದಾಯಿತು. ಬಂದಾಗ ಕೈಯಲ್ಲಿ ಕೆಂಪು ಹಸಿರು ನೂಲು ಹೆಣೆದ ದಾರವಿತ್ತು, ತುದಿಗೆ ಗೊಂಡೆ. ಕೆಂಪು ಮಾಸಿ ಹೋಗಿತ್ತು.

"ಬೇವೂರಾಗ ಬಾಣಂತನದಾಗ ಹೆಣದಿದ್ದೆ. ನಿನ್ನ ಗಿಣಿ ಕಟ್ಟಾಕ."

ಇಷ್ಟು ವರ್ಷ ಅವಳು ನಗುತ್ತಿದ್ದಾಳೆ ಎಂದೇ ತಿಳಿದಿದ್ದೆ. ದಾರ ಜೀರ್ಣವಾಗಿ, ಮುಟ್ಟಿದರೆ ಎಳೆ ಬಿಡುತ್ತಿತ್ತು.

"ಹೊಸಾದು ತರತೀನಿ ತಡಿ" ಎಂದೆ.

"ಸುಮ್ನಿರು" ಎಂದು ತಾನೇ ಆ ದಾರದಿಂದ ಗಿಣಿಗಳನ್ನು ತೊಟ್ಟಿಲ ಮೇಲೆ ಕಟ್ಟಿದಳು.

ಗಿಣಿಗಳು ತಿರುಗಿದವು. ಕೂಸು ಕೈಕಾಲು ಬಡಿದು ಕೇಕೆ ಹಾಕಿತು. ದಾರ ಹರಿದೀತೆಂದು ಅಕ್ಕ ಸ್ವಲ್ಪ ಹೊತ್ತು ಗಿಣಿಗಳ ಕೆಳಗೆ ಅಂಗೈ ಒಡ್ಡಿಕೊಂಡೇ ನಿಂತಿದ್ದಳು. ಸಾಗವಾನಿಯನ್ನು ಆ ದಾರ ತಡೆಯುತ್ತಿರಲಿಲ್ಲ. ಶಿವನಿಯನ್ನು ತಡೆಯಿತು. ಅಕ್ಕ ಕೈ ತೆಗೆದಳು.