ಉಪ್ಪುನೀರಿನ ಮೇಡಮ್ಮ

ಮೊನ್ನೆ ಕೊಡಿಕೊಂಡದ ಅಂಗಡೀಲಿ ಬಟ್ಟೆ ಸೋಪಿನ ಪುಡಿ ಕೇಳಿದೆ. ಅಂಗಡಿಯವಳು ಒಂದು ಪ್ಯಾಕೆಟ್ ಮುಂದಿಟ್ಟು, "ಇದ್ರಲ್ಲಿ ಎಂಜೈಮ್ ಐತೆ ಅಕ್ಕಾ, ಕಲೆ ತಿಂದಾಕ್ತದೆ" ಅಂದ್ಲು. ನನಗೇ ಪಾಠ ಹೇಳೋಕೆ ಬಂದ್ಲಲ್ಲ ಅಂತ ನಗು ಬಂತು. ಆಮೇಲೆ ಪ್ಯಾಕೆಟ್ ತಿರುಗಿಸಿ ಎಂಜೈಮ್ ಅನ್ನೋ ಮಾತು ಎಲ್ಲೈತೆ ಅಂತ ಹುಡುಕಿದೆ. ಆ ಮಾತನ್ನ ನಾನು ಮೊದಲು ಕೇಳಿದ್ದು ನಮ್ಮ ಮಹಡಿ ಮನೆ ಮೇಡಮ್ಮನ ಬಾಯಲ್ಲಿ...

ಹಿಂದೂಪುರದ ನಮ್ಮ ಮನೆ ಮೇಲೆ ಅವರು ಬಾಡಿಗೆಗಿದ್ದರು. ಕಾಲೇಜಲ್ಲಿ ಸೂಕ್ಷ್ಮಜೀವಿಗಳ ಪಾಠ ಮಾಡೋರು. ಸ್ವಂತ ಊರು ಕಲ್ಯಾಣದುರ್ಗ. ಊರಿಗೆ ಹೋದಾಗೆಲ್ಲ ಬ್ರಹ್ಮಸಮುದ್ರದ ಕಡೆಯ ಚೌಳು ನೆಲದ ಬೆಳ್ಳನೆ ಮಣ್ಣನ್ನ ಟಿಫಿನ್ ಡಬ್ಬೀಲಿ ತುಂಬ್ಕೊಂಡು ಬರೋರು. ಬೇರೆಯವರು ಊರಿಂದ ಚಕ್ಕುಲಿ ತಂದ್ರೆ ಇವರು ಮಣ್ಣು ತರ್ತಾರೆ ಅಂತ ನಮ್ಮಮ್ಮ ಆಡ್ಕೊಳ್ಳೋಳು. ಆ ಮಣ್ಣಲ್ಲಿ ಉಪ್ಪಿಲ್ಲದೆ ಬದುಕದ ಬ್ಯಾಕ್ಟೀರಿಯಾ ಇರ್ತಾವಂತೆ. ಅವು ಬಿಡೋ ಎಂಜೈಮು ಸೋಪಿನ ಪುಡೀಲಿ ಕೊಳೆ ತಿನ್ನುತ್ತೆ, ಚರ್ಮ ಹದ ಮಾಡೋರಿಗೆ ಕೂದಲು ಬಿಡಿಸಿಕೊಡುತ್ತೆ, ರೇಷ್ಮೆ ನೂಲಿನ ಅಂಟನ್ನೂ ಕರಗಿಸುತ್ತೆ ಅನ್ನೋರು.

ಮೇಡಮ್ಮ ರೇಷ್ಮೆಗೆ ಗಂಟುಬೀಳೋಕೆ ಕಾರಣ ನಮ್ಮಮ್ಮನ ಕೈ. ಅಮ್ಮ ನೂಲು ಬೇಯಿಸೋಳು. ಸೋಪು, ಸೋಡಾ ಹಾಕಿ ಕುದಿಸಿದ ನೀರಲ್ಲಿ ನೂಲಿನ ಲಡಿಗಳನ್ನ ಅದ್ದಿ ಅದ್ದಿ ಅಂಟು ತೆಗೀಬೇಕು. ಬೆರಳೆಲ್ಲ ಬಿರಿದು ರಕ್ತ ಬರೋದು. ಕೆಲಸ ಬಿಡದಿದ್ರೆ ಕೈ ಉಳಿಯಲ್ಲ ಅಂದಿದ್ರು ಡಾಕ್ಟ್ರು. ಬಿಟ್ಟು ಮಾಡೋದೇನು? ಬೇರೆ ಕೆಲಸ ಅವಳಿಗೆ ಬರ್ತಿರಲಿಲ್ಲ, ನಿಜ ಹೇಳ್ಬೇಕಂದ್ರೆ ಬೇಕೂ ಇರಲಿಲ್ಲ. ಒಂದಿನ ಮೇಡಮ್ಮ ಆ ಕೈ ನೋಡಿ, ಮೆಟ್ಲು ಹತ್ತಿ ಹೋದ್ರು. ಆವತ್ತಿಂದ ಅವರಿಗೆ ಅದೇ ಹುಚ್ಚು.

ಎಷ್ಟೋ ತಿಂಗಳಾದ ಮೇಲೆ, ಉಪ್ಪುನೀರಲ್ಲಿ ಬೆಳೆಸಿ ಸೋಸಿದ ಎಂಜೈಮನ್ನ ಕ್ಯಾನಲ್ಲಿ ಹೊತ್ತು ತಂದರು. ಕುದಿಸೋದು ಬೇಡ, ಉಗುರುಬೆಚ್ಚಗಿದ್ರೆ ಸಾಕು ಅಂದ್ರು. ತೊಟ್ಟೀಲಿ ಲಡಿ ನೆನೆಹಾಕಿ ಕಾಲೇಜಿಗೆ ಹೋದ್ರು. ಸಂಜೆ ಬಂದು ಮುಟ್ಟಿದ್ರೆ ನೂಲು ಹಂಗೇ ಬಿರುಸು. ಮೇಡಮ್ಮನ ಮುಖ ಇಷ್ಟಗಲ ಇದ್ದದ್ದು ಇಷ್ಟಾಯ್ತು.

"ನಾನು ಚೆನ್ನಾಗೇ ನೋಡ್ಕೊಂಡೆ ಕಣಮ್ಮ," ಅಂದ್ಲು ಅಮ್ಮ. "ನಾಲಿಗೆಗೆ ಹಚ್ಕೊಂಡು ನೋಡಿದೆ, ಉಪ್ಪೋ ಉಪ್ಪು. ರೇಷ್ಮೆ ಕೆಟ್ಟೋಯ್ತದೆ ಅಂತ ಎರಡು ಬಿಂದಿಗೆ ಸೀನೀರು ಹುಯ್ದ್ಬುಟ್ಟೆ. ಸಾರಿಗೆ ಉಪ್ಪು ಜಾಸ್ತಿಯಾದ್ರೆ ನೀರು ಬೆರೆಸಲ್ವಾ?"

ಉಪ್ಪು ಕಮ್ಮಿಯಾದ್ರೆ ಆ ಎಂಜೈಮಿನ ರೂಪವೇ ಕೆಟ್ಟು ಕೆಲಸ ನಿಂತುಹೋಗುತ್ತಂತೆ. ಅಷ್ಟು ದಿನದ ದುಡಿಮೆ ಹೊಳೇಲಿ ಹುಣಸೆಹಣ್ಣು ತೊಳೆದಂಗಾಯ್ತು. ಬೈತಾರೆ ಅಂದ್ಕೊಂಡೆ. ಮೇಡಮ್ಮ ಮೆಟ್ಲ ಮೇಲೆ ಕೂತು ನಗೋಕೆ ಶುರು ಮಾಡಿದ್ರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅದೆಲ್ಲ ನಗುವಿನ ನೀರೇ ಅಂತ ನಾನು ಹೇಳಲಾರೆ.

"ಪರವಾಲೇದಮ್ಮಾ, ಮಳ್ಳೀ ಚೇದ್ದಾಂ. ಪರವಾಗಿಲ್ಲ, ಮತ್ತೆ ಮಾಡೋಣ," ಅಂದ್ರು ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ. "ಈ ಸಲ ಸಾರಿನ ಬುದ್ಧಿ ಅಡುಗೆಮನೇಲೇ ಇಟ್ಟು ಬನ್ನಿ."

ಮತ್ತೆ ಮಾಡಿದ್ರು. ಅಮ್ಮ ತೊಟ್ಟಿ ಪಕ್ಕ ಕಾವಲು ಕೂತಳು, ನನ್ನನ್ನೂ ಹತ್ರ ಬಿಡಲಿಲ್ಲ. ಸಂಜೆ ಎತ್ತಿದಾಗ ಅಂಟೆಲ್ಲ ಬಿಟ್ಟು ನೂಲು ಬೆಣ್ಣೆ ಥರ ಜಾರ್ತಿತ್ತು. ಆಮೇಲಿನ ದಿನಗಳಲ್ಲಿ ಬೆರಳ ಬಿರುಕುಗಳೂ ನಿಧಾನವಾಗಿ ಕೂಡಿಕೊಂಡವು.

ಅದಾದ ಮೇಲೆ ಮೇಡಮ್ಮನಿಗೆ ಕಾಯಿಲೆ ಬಂತು. ರಜೆ ಹಾಕಿ ಕಲ್ಯಾಣದುರ್ಗಕ್ಕೆ ಹೋದರು... ವಾಪಸ್ ಬರಲಿಲ್ಲ. ಸುದ್ದಿ ಕೇಳಿ ಅಮ್ಮ, ನಾನು ಬಸ್ಸು ಹತ್ತಿದ್ವಿ. ಕೊನೇ ಸ್ನಾನ ಮಾಡಿಸೋಕೆ ಆ ಮನೇಲಿ ಹೆಂಗಸರು ಕಮ್ಮಿ ಇದ್ದರು. ಅಮ್ಮನ್ನೂ ಕರೆದ್ರು. ಅವಳು ಅರಿಶಿನ ಕಲಸಿ ಮೇಡಮ್ಮನ ಮುಖಕ್ಕೆ, ತೋಳಿಗೆ ಹಚ್ಚಿದಳು.

ಈಗ ನೂಲಿಗೆ ಹಾಕೋ ಎಂಜೈಮ್ ಪೇಟೇಲೇ ಸಿಗುತ್ತೆ, ಸೀನೀರಲ್ಲೂ ಕೆಲಸ ಮಾಡುತ್ತೆ. ಅಮ್ಮ ಅದನ್ನೇ ಬಳಸ್ತಾಳೆ. ಮಹಡಿ ಖಾಲಿ ಇದೆ, ಬಾಡಿಗೆಗೆ ಕೊಡೋಕೆ ನನಗೆ ಮನಸ್ಸು ಬಂದಿಲ್ಲ. ಮೇಡಮ್ಮ ಹೋದ ದಿನದ ಮಾತನ್ನ ಅಮ್ಮ ಎತ್ತೋಳೇ ಅಲ್ಲ. ನಿನ್ನೆ ಮಾತ್ರ ಲಡಿ ಹಿಂಡ್ತಾ ತಾನಾಗೇ ಅಂದ್ಲು, "ಆಯಮ್ಮನಿಗೆ ಅರಿಶಿನ ಹಚ್ಚುವಾಗ ನನ್ನ ಕೈ ಒಂಚೂರೂ ಉರೀಲಿಲ್ಲ ಕಣೇ. ಮುಂಚಿನ ಬಿರಿದ ಕೈ ಆಗಿದ್ರೆ ಉರ್ಕೊಂಡು ಸಾಯ್ತಿದ್ದೆ." ಇನ್ನೊಂದು ಲಡಿ ಎತ್ಕೊಂಡು, "ಉರಿದಿದ್ರೇ ಚೆನ್ನಾಗಿತ್ತು," ಅಂದ್ಲು.