ಭುಜಂಗ ಹುಳಿ ಹಾಕಿ ತಿಕ್ಕಿದ ಗೋಡೆ

ಭುಜಂಗ ನಮ್ಮ ಮನೆಗೆ ಮೊದಲ ಸಲ ಬಂದ ದಿನ ನನಗೆ ನಮಸ್ಕಾರ ಮಾಡುವ ಮೊದಲು ಬಚ್ಚಲಿನ ಗೋಡೆಗೆ ಕಿವಿ ಕೊಟ್ಟ. ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿದ, ಕಣ್ಣು ಮುಚ್ಚಿದ, ಡಾಕ್ಟರರು ಕೆಟ್ಟ ಸುದ್ದಿ ಹೇಳುವ ಮೊದಲು ಮಾಡುವ ಮುಖ ಮಾಡಿದ.

"ಈ ಗೋಡೆ ಒಳಗೊಳಗೇ ಅಳ್ತಾ ಉಂಟು ಅಮ್ಮ," ಎಂದ.

ಡೊಂಬಿವಲಿಯ ಈ ಮನೆಗೆ ಮದುವೆಯಾಗಿ ಬಂದಂದಿನಿಂದ ನಾನು ಅದೇ ಗೋಡೆಯ ಎದುರು ಸ್ನಾನ ಮಾಡಿದವಳು. ಯಜಮಾನರು ತೀರಿಕೊಂಡಾಗ ನಲ್ಲಿ ಬಿಟ್ಟುಕೊಂಡು ಅತ್ತದ್ದೂ ಅದರ ಎದುರಿಗೇ. ಆಗಲೂ ಗೋಡೆ ಅಳಲಿಲ್ಲ. ಈಗ ಈ ಪುಣ್ಯಾತ್ಮನನ್ನು ಕಂಡು ಅಳತೊಡಗಿತ್ತು.

ಅವನನ್ನು ಕರೆಸಿದ್ದು ನನ್ನ ಸೊಸೆ ಸೋನಾಲಿ. ವಾಶಿಯ ದೊಡ್ಡ ಹೋಟೆಲಿನಲ್ಲಿ ಯಾರದೋ ಮದುವೆಗೆ ಹೋದವಳು ಮದುಮಗಳ ಫೋಟೋ ಬಿಟ್ಟು ಅಲ್ಲಿನ ಬಚ್ಚಲಿನ ಫೋಟೋ ತೆಗೆದುಕೊಂಡು ಬಂದಿದ್ದಳು. ಗೋಡೆಯ ತುಂಬ ಉಗುರಿನಷ್ಟು ದೊಡ್ಡ ಗಾಜಿನ ಚೂರುಗಳು, ನಡುನಡುವೆ ತಾಮ್ರದ ಬಣ್ಣದ ಲೋಹದ ಚೂರುಗಳು. "ಮಮ್ಮಿ, ಬಸ್ ಐಸಾ ಹೀ ಚಾಹಿಯೇ," ಎಂದಳು, ನಮಗೂ ಇಂಥದ್ದೇ ಬೇಕಂತೆ. ನನ್ನ ಮಗ ಸಮಿತ್ ಮೊದಲು ಹೂಂ ಅನ್ನುತ್ತಾನೆ, ಆಮೇಲೆ ಯೋಚಿಸುತ್ತಾನೆ. ಹಾಗಾಗಿ ಹಳೆಯ ಬಿಳಿ ಟೈಲ್ಸು ಒಡೆಯುವ ಸದ್ದು ಬೇಗನೇ ಶುರುವಾಯಿತು.

ಭುಜಂಗ ಉಡುಪಿ ಕಡೆಯವ. ಠಾಣೆಯ ಹೋಟೆಲೊಂದರಲ್ಲಿ ಬಹಳ ಕಾಲ ಕ್ಯಾಪ್ಟನ್, ಎಂದರೆ ಬಡಿಸುವವರ ಮೇಲಿನವ, ಆಗಿದ್ದ. ಹೋಟೆಲಿಗೆ ಟೈಲ್ಸು ಹಾಕಲು ಕಳವಾ ಊರಿನಿಂದ ಬಂದ ಮೇಸ್ತ್ರಿಯ ಹಿಂದೆ ಚಾ ಹಿಡಿದು ನಿಂತು ನಿಂತು ಆ ಕೆಲಸ ಕಲಿತನಂತೆ. ಈಗ ದಿವಾ ಸ್ಟೇಷನ್ ಹತ್ತಿರ ಒಂದು ರೂಮು, ಹಣೆಯ ಮೇಲೆ ಏರಿಸಿದ ಕಪ್ಪು ಕನ್ನಡಕ, 'ಬಾತ್‌ರೂಮ್ ಡಿಸೈನರ್' ಎಂದು ಅಚ್ಚು ಹಾಕಿಸಿದ ಕಾರ್ಡು. ನಮ್ಮ ಕಾಲದಲ್ಲಿ ಬಚ್ಚಲಿಗೆ ಗುಂಡಿ ತೋಡುವವರಿದ್ದರು, ಡಿಸೈನ್ ಮಾಡುವವರು ಇರಲಿಲ್ಲ. ನಾವೂ ಹೇಗೋ ಸ್ನಾನ ಮಾಡಿಕೊಂಡು ಬದುಕಿದೆವು.

ನಾನು ಸ್ಟೂಲು ಹಾಕಿಕೊಂಡು ಬಾಗಿಲಲ್ಲೇ ಕುಳಿತು ಅವನ ಕೆಲಸ ನೋಡುತ್ತಿದ್ದೆ. ಚೂರುಗಳು ಬಿಡಿಬಿಡಿಯಾಗಿ ಬರುವುದಿಲ್ಲ, ಹಿಂದೆ ಬಲೆ ಅಂಟಿಸಿದ ಹಾಳೆಗಳಾಗಿ ಬರುತ್ತವೆ. ಬಿಳಿ ಅಂಟು ಸಿಮೆಂಟನ್ನು ಹಲ್ಲುಹಲ್ಲಾದ ಅಂಚಿನ ಕರಣೆಯಿಂದ ಗೋಡೆಗೆ ಎಳೆಯಬೇಕು, ಹಾಳೆ ಕೂರಿಸಬೇಕು, ಹಲಗೆಯಿಂದ ಮೆಲ್ಲಗೆ ಒತ್ತಬೇಕು. ಬೂದು ಸಿಮೆಂಟು ಹಾಕಿದರೆ ಗಾಜಿನೊಳಗಿಂದ ಅದೇ ಇಣುಕುತ್ತದೆ. ಇಷ್ಟು ಅವನಿಗೆ ಗೊತ್ತಿತ್ತು. ಅಂಟು ಹರಡುವಾಗ ಮಾತ್ರ ಕೈ ತಾನಾಗಿ ದುಂಡಗೆ ತಿರುಗುತ್ತಿತ್ತು.

"ಗೋಡೆಗೆ ದೋಸೆ ಹೊಯ್ತಾ ಇದ್ದೀಯಾ ಮಾರಾಯ?" ಎಂದೆ.

"ಕೈಯ ಗುಣ ಅಮ್ಮ. ತಿನ್ನಲಿಕ್ಕೆ ಕೊಡುವುದಿಲ್ಲ, ನೋಡಲಿಕ್ಕೆ ಮಾತ್ರ."

ಲೋಹದ ಚೂರುಗಳ ಮೇಲೆ ತೆಳು ಪ್ಲಾಸ್ಟಿಕ್ಕಿನ ಹೊದಿಕೆ ಇತ್ತು. ಕೆಲಸ ಮುಗಿಯುವ ತನಕ ತೆಗೆಯಬಾರದು, ಆಮೇಲೂ ಮೆತ್ತಗಿನ ಬಟ್ಟೆ ಮತ್ತು ಬರೀ ನೀರು, ಬೇರೇನೂ ಮುಟ್ಟಿಸಬಾರದು ಎಂದು ಸೋನಾಲಿ ರಟ್ಟಿನ ಡಬ್ಬಿಯ ಮೇಲಿದ್ದದ್ದನ್ನು ಗಟ್ಟಿಯಾಗಿ ಓದಿದಳು. ಭುಜಂಗ ತಲೆಯಾಡಿಸಿದ. ಹೋಟೆಲಿನಲ್ಲಿ ಗಿರಾಕಿ ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಅಡುಗೆಯವನಿಗೆ ತನ್ನದೇ ಹೇಳುವ ಅಭ್ಯಾಸ ಅದು.

ಗೋಡೆ ಅರ್ಧ ಏರಿದಾಗ ಅವನ ಗುಟ್ಟು ಹೊರಬಿತ್ತು. ಅಂಬರನಾಥದಲ್ಲಿ ದಮಯಂತಿ ಎಂಬ ಹುಡುಗಿ. ಹುಡುಗಿ ಎಂದರೆ ನಲವತ್ತರ ಹತ್ತಿರದವಳು, ಇವನೂ ಅಷ್ಟೇ. ಬಾಗಿಲ ಹಿಡಿಕೆಗಳಿಗೆ ಬಣ್ಣದ ಲೇಪ ಹಾಕುವ ಕಾರ್ಖಾನೆಯಲ್ಲಿ ಮಾಲು ಪರೀಕ್ಷೆ ಮಾಡುವ ಕೆಲಸ ಅವಳದ್ದು. ಅವಳ ಅಣ್ಣ ಸರ್ವೋತ್ತಮನಿಗೆ ಭಾವನಾಗುವವನು ಹೋಟೆಲಿನವ ಆಗಬಾರದಂತೆ. ಹಾಗಾಗಿ ಇವನು ಡಿಸೈನರ್ ಎಂದು ಹೇಳಿಕೊಂಡಿದ್ದ. ಹಾಗಾದರೆ ಒಂದು ಕೆಲಸ ತೋರಿಸು ಎಂದು ಅವರು ಕೇಳಿದ್ದರು.

"ನೀರು ತುಂಬುವ ಹಬ್ಬದ ದಿನ ಇಲ್ಲಿಗೇ ಬರ್ಲಿಕ್ಕೆ ಹೇಳಿದ್ದೇನೆ ಅಮ್ಮ. ನೀವು ಬೇಡ ಹೇಳ್ಬಾರದು."

"ಹೆಣ್ಣು ನೋಡುವುದು ಕೇಳಿದ್ದೇನೆ. ಬಚ್ಚಲು ನೋಡುವ ಶಾಸ್ತ್ರ ಯಾವಾಗಿಂದ?"

ಅವನು ನಗಲಿಲ್ಲ. ಕರಣೆ ಒರೆಸುತ್ತ, "ಊಟಕ್ಕೆ ಕೂತವರಿಗೆಲ್ಲ ಇನ್ನೂ ಸ್ವಲ್ಪ ಅನ್ನ ಬೇಕಾ ಅಂತ ಕೇಳಿದವ ನಾನು. ನನ್ನನ್ನು ಕೇಳುವವರು ಒಬ್ಬರು ಬೇಕಲ್ಲ ಅಮ್ಮ," ಎಂದ. ನಾನು ಎದ್ದು ಹೋಗಿ ಚಾ ಮಾಡಿ ತಂದುಕೊಟ್ಟೆ.

ನೀರು ತುಂಬುವ ಹಬ್ಬ ಎಂದರೆ ದೀಪಾವಳಿಯ ಎಣ್ಣೆಸ್ನಾನದ ಹಿಂದಿನ ಸಂಜೆ. ಬಚ್ಚಲು ತೊಳೆದು, ತಾಮ್ರದ ಹಂಡೆಯನ್ನು ಹುಣಸೆ ಹುಳಿ, ಉಪ್ಪು ಹಾಕಿ ತಿಕ್ಕಿ, ಕಂಠಕ್ಕೆ ಬಳ್ಳಿ ಕಟ್ಟಿ ನೀರು ತುಂಬಿಸುವುದು. ನಮ್ಮಲ್ಲಿ ಗೀಸರ್ ಬಂದು ಕಾಲವಾಯಿತು, ಆದರೂ ಅತ್ತೆಯವರ ಪುಟ್ಟ ಹಂಡೆ ಆ ಒಂದು ದಿನಕ್ಕೆ ಅಟ್ಟದಿಂದ ಇಳಿಯುತ್ತದೆ. ಬಳ್ಳಿಯ ಬದಲು ಸ್ಟೇಷನ್ ಹತ್ತಿರ ಮಾರುವ ಕಾರಿಟ ಎಂಬ ಪುಟ್ಟ ಕಹಿ ಕಾಯಿಯನ್ನು ದಾರಕ್ಕೆ ಪೋಣಿಸಿ ಕಟ್ಟುತ್ತೇನೆ.

ಆ ದಿನ ಗೋಡೆ ಮುಗಿದು ಪ್ಲಾಸ್ಟಿಕ್ಕಿನ ಹೊದಿಕೆಯೂ ತೆಗೆದಾಗಿತ್ತು. ಸುಳ್ಳು ಯಾಕೆ, ಚೆಂದವೇ ಇತ್ತು. ಭುಜಂಗ ಇಸ್ತ್ರಿ ಅಂಗಿ ಹಾಕಿಕೊಂಡು ಬೇಗ ಬಂದು ಚಡಪಡಿಸುತ್ತಿದ್ದ. ಸುಮ್ಮನೆ ಕೂರಲಾರದವನಿಗೆ ಕೆಲಸ ಕೊಡುವುದು ಒಳ್ಳೆಯದೆಂದು ಹಂಡೆ, ಹುಳಿ, ತೆಂಗಿನ ನಾರು ಮುಂದಿಟ್ಟು ನಾನು ಅಡುಗೆಮನೆಗೆ ಹೋದೆ. ಹೋಟೆಲಿನ ಕೈ, ಹಂಡೆ ನಿಜವಾಗಿ ಬೆಳಗಿತು. ಹಂಡೆ ಬೆಳಗಿದ್ದನ್ನು ನೋಡಿದ, ಗೋಡೆಯನ್ನು ನೋಡಿದ. ಹಂಡೆಯದ್ದು ತಾಮ್ರ, ಗೋಡೆಯದ್ದೂ ತಾಮ್ರ ಎಂದು ಅವನ ಲೆಕ್ಕ. ಉಳಿದ ಹುಳಿಯಲ್ಲಿ ಗೋಡೆಯನ್ನೂ ತಿಕ್ಕತೊಡಗಿದ.

"ಎಷ್ಟು ಕೊಳೆ ಹೋಗ್ತಾ ಉಂಟು ಗೊತ್ತುಂಟಾ ಅಮ್ಮ!" ಎಂದು ಒಳಗಿನಿಂದ ಸಂತೋಷದಲ್ಲಿ ಕೂಗಿದ.

ಹೋದದ್ದು ಕೊಳೆಯಲ್ಲ, ಬಣ್ಣ. ನಾನು ಬಂದು ನೋಡುವಾಗ ಸೊಂಟದ ತನಕ ಲೋಹದ ಚೂರುಗಳೆಲ್ಲ ಅಲ್ಯುಮಿನಿಯಂ ಪಾತ್ರೆಯ ತಳದ ಹಾಗೆ ಬಿಳಿಚಿಕೊಂಡಿದ್ದವು. ಮೇಲೆ ತಾಮ್ರ, ಕೆಳಗೆ ಅನ್ನದ ತಪ್ಪಲೆ. ಸೋನಾಲಿ ಬಾಯಿಗೆ ಸೆರಗಿಲ್ಲದ್ದರಿಂದ ದುಪಟ್ಟಾ ತುರುಕಿಕೊಂಡಳು. ಅಷ್ಟರಲ್ಲಿ ಬೆಲ್ ಆಯಿತು.

ಸರ್ವೋತ್ತಮ ಕೈ ಹಿಂದೆ ಕಟ್ಟಿಕೊಂಡು ಮಂತ್ರಿಗಳು ಅಣೆಕಟ್ಟು ನೋಡುವ ಹಾಗೆ ನೋಡಿದ. "ಇದೆಂತ, ಅರ್ಧ ಒಂದು ಬಣ್ಣ, ಅರ್ಧ ಒಂದು ಬಣ್ಣ?"

"ಡಬಲ್ ಶೇಡ್," ಎಂದ ಭುಜಂಗ. "ಫಾರಿನ್‌ನಲ್ಲಿ ಈಗ ಇದೇ ನಡೀತಾ ಉಂಟು."

ದಮಯಂತಿ ಮುಂದೆ ಬಂದು ಬಿಳಿ ಚೂರಿನ ಮೇಲೆ ಬೆರಳಾಡಿಸಿ ಮೂಗಿನ ಹತ್ತಿರ ಹಿಡಿದಳು. "ಫಾರಿನ್‌ನವರೂ ಹುಣಸೆ ಹುಳಿ ಹಾಕ್ತಾರಾ?"

ಭುಜಂಗ ಹಣೆಯ ಮೇಲಿನ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ.

"ಇಲ್ಲ. ಹಂಡೆ ಚೆಂದ ಆಯ್ತಲ್ಲ, ನೀವು ಬರುವಾಗ ಇದೂ ಹೊಳೀಲಿ ಅಂತ ತಿಕ್ಕಿದೆ. ಹಾಳಾಯ್ತು. ನಾನು ಡಿಸೈನರ್ ಅಲ್ಲ, ಟೈಲ್ಸ್ ಹಾಕುವವ. ಅದಕ್ಕಿಂತ ಮೊದಲು ಹೋಟೆಲಿನಲ್ಲಿದ್ದೆ."

"ನಡಿ ದಮಯಂತಿ," ಎಂದ ಸರ್ವೋತ್ತಮ. "ಇನ್ನು ಹೊತ್ತಾದ್ರೆ ಟ್ರೈನಿನಲ್ಲಿ ಕಾಲಿಡ್ಲಿಕ್ಕೆ ಜಾಗ ಇರುದಿಲ್ಲ."

ಅವಳು ನಡೆಯಲಿಲ್ಲ. ಹಂಡೆಯ ಎದುರು ಕುಕ್ಕರಗಾಲಲ್ಲಿ ಕುಳಿತಳು. "ಇದನ್ನು ಯಾರು ತಿಕ್ಕಿದ್ದು?"

"ನಾನೇ."

ಅವಳು ಕಂಠದ ಅಡಿಗೆ, ಯಾರೂ ನೋಡದ ಕಡೆ, ಕೈ ಹಾಕಿ ಸುತ್ತ ತಡವಿದಳು. ಒಳಗೂ ತಡವಿದಳು. ಕಾರ್ಖಾನೆಯಲ್ಲಿ ಮಾಲು ಪಾಸು ಮಾಡುವುದು ಹೀಗೆಯೇ ಇರಬೇಕು.

"ಅಣ್ಣಾ, ನೀನು ಚಾ ಕುಡಿ ಹೋಗು," ಎಂದಳು. ಆಮೇಲೆ ಇವನ ಕಡೆ ತಿರುಗಿ, "ಇಷ್ಟು ಮಾಡಿ ಅರ್ಧಕ್ಕೆ ಬಿಟ್ರೆ ಹೇಗೆ? ಮೇಲಿನದ್ದೂ ತೆಗೀರಿ. ಎಲ್ಲ ಒಂದೇ ಬಣ್ಣ ಆದ್ರೆ ತಪ್ಪು ಅಂತ ಯಾರಿಗೂ ಕಾಣುದಿಲ್ಲ. ನಾನು ಕೆಳಗಿಂದ ನೋಡಿ ಹೇಳ್ತೇನೆ."

"ಅರೇ, ಮೇರಾ ಕಾಪರ್!" ಎಂದಳು ಸೋನಾಲಿ. ಸ್ವಲ್ಪ ಹೊತ್ತು ತಲೆ ವಾಲಿಸಿ ನೋಡಿದ ಮೇಲೆ, "ಸಿಲ್ವರ್ ಭೀ ಚಲೇಗಾ," ಎಂದಳು, ಬೆಳ್ಳಿ ಬಣ್ಣವಾದರೂ ನಡೆಯುತ್ತದಂತೆ. ಈಗ ಬಿಲ್ಡಿಂಗಿನವರೆಲ್ಲರಿಗೂ ಅದು ತಾನೇ ಆರಿಸಿದ ಬಣ್ಣ ಎಂದು ಹೇಳುತ್ತಾಳೆ.

ಭುಜಂಗ, ದಮಯಂತಿಯ ಮದುವೆಗೆ ಸರ್ವೋತ್ತಮ ಎಲ್ಲರಿಗಿಂತ ಮುಂದೆ ನಿಂತು ಫೋಟೋ ತೆಗೆಸಿಕೊಂಡ. ಭುಜಂಗ ಈಗ ಅಂಬರನಾಥದಲ್ಲಿದ್ದಾನೆ, ಕಾರ್ಡಿನಲ್ಲಿ 'ಟೈಲ್ಸ್ ಕೆಲಸ' ಎಂದಷ್ಟೇ ಇದೆ. ಫೋನು ಮಾಡುತ್ತಾನೆ, ಸುದ್ದಿ ಹೇಳುತ್ತಾನೆ, ಆದರೆ ನನ್ನನ್ನು ಏನೂ ಕೇಳುವುದಿಲ್ಲ. ಕೇಳುವುದಿದ್ದದ್ದನ್ನೆಲ್ಲ ದಮಯಂತಿಯನ್ನೇ ಕೇಳಬೇಕೆಂದು ಕಟ್ಟಳೆ ಇರಬೇಕು. ನನ್ನನ್ನು ಅವನು ಕೊನೆಯದಾಗಿ ಕೇಳಿದ್ದು ಆ ಸಂಜೆಯೇ. ಇಸ್ತ್ರಿ ಅಂಗಿಯ ತೋಳು ಮಡಚಿ ಸ್ಟೂಲಿನ ಮೇಲೆ ಹತ್ತಿದ್ದ, ಕೆಳಗೆ ಅವಳು ಅದನ್ನು ಅಲ್ಲಾಡದ ಹಾಗೆ ಹಿಡಿದಿದ್ದಳು. ಬಾಗಿಲಲ್ಲಿ ನನ್ನನ್ನು ಕಂಡು ಖಾಲಿ ಬಟ್ಟಲು ಚಾಚಿದ.

"ಅಮ್ಮಾ, ಇನ್ನೂ ಸ್ವಲ್ಪ ಹುಳಿ ಉಂಟಾ?"