ಬೋಲ್ಟಿನ ಮೇಲಿನ ಕುಂಕುಮ

ವೈರಿಂಗ್ ಅಕ್ಕನ ಮುಂದಿನ ಹಲ್ಲಿನಲ್ಲಿ ಒಂದು ಸಣ್ಣ ಕಚ್ಚು ಇತ್ತು. ವರ್ಷಗಟ್ಟಲೆ ಹಲ್ಲಿನಿಂದಲೇ ವೈರಿನ ಸಿಪ್ಪೆ ಸುಲಿದು ಬಿದ್ದದ್ದು. ನಕ್ಕಾಗ ಮೊದಲು ಕಾಣುತ್ತಿದ್ದದ್ದು ಅದೇ. ಅವರು ನಗುತ್ತಿದ್ದದ್ದೂ ಹೆಚ್ಚಾಗಿ ನನ್ನಂಥ ಬುದ್ಧಿವಂತ ಗಿರಾಕಿಗಳನ್ನು ಕಂಡೇ.

ಪೀಣ್ಯದಲ್ಲಿ ಕಾರ್ಖಾನೆಗಳ ಸಾಲಿನ ಕೊನೆಗೆ ಅವರ ಅಂಗಡಿ. ಮೊದಲು ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ಕಾಯಿಲ್ ಸುತ್ತುತ್ತಿದ್ದವರು ಆಮೇಲೆ ಬೈಕುಗಳ ವೈರಿಂಗಿಗೆ ಇಳಿದಿದ್ದರು.

ನಮ್ಮಪ್ಪ ಕಾರ್ಖಾನೆಯ ತಗಡು ಒತ್ತುವ ಪ್ರೆಸ್ ಶಾಪಿನಿಂದ ನಿವೃತ್ತರಾಗಲು ವಾರವಿತ್ತು. ಆ ಗದ್ದಲದಲ್ಲಿ ಜೀವಮಾನವೆಲ್ಲ ಕೈಸನ್ನೆಯಲ್ಲೇ ಮಾತಾಡಿ, ಕಿವಿ ಮಂದವಾಗಿತ್ತು. ನಿವೃತ್ತರಾದವರಿಗೆ ಹಾರ ಹಾಕಿ ಬೈಕ್ ಮೆರವಣಿಗೆಯಲ್ಲಿ ಮನೆಗೆ ಕರೆತರುವುದು ಅಲ್ಲಿನ ರೂಢಿ. ನಾನು ಅಪ್ಪನ ಜೊತೆಗಾರರಿಂದ ಎರಡೆರಡು ಮಾತು ರೆಕಾರ್ಡ್ ಮಾಡಿಸಿ, ದಾರಿಯುದ್ದಕ್ಕೂ ಕೇಳಿಸಲೆಂದು ಬೈಕಿಗೆ ಆಂಪ್ಲಿಫಯರ್, ಸ್ಪೀಕರ್ ತಂದು ನಾನೇ ಕೂಡಿಸಿದೆ.

ಎಂಜಿನ್ ಸ್ಟಾರ್ಟ್ ಆದರೆ ಸಾಕು, ಮಾತಿನ ಮೇಲೆ ಕುಂಯ್ ಅನ್ನುವ ಸದ್ದು. ಆಕ್ಸಿಲರೇಟರ್ ತಿರುಗಿಸಿದಷ್ಟೂ ಅದೂ ಏರುತ್ತಿತ್ತು. ಅದನ್ನು ಮುಚ್ಚಲು ವಾಲ್ಯೂಮ್ ಏರಿಸಿದೆ, ಮಾತೆಲ್ಲ ಒಡೆದು ಹೋಯಿತು. ನನಗೇ ಅರ್ಥವಾಗದ್ದು ಅಪ್ಪನಿಗೇನು ಕೇಳೀತು? ಬೈಕನ್ನು ಅಕ್ಕನ ಅಂಗಡಿಗೆ ಒಯ್ದು, ಅಪ್ಪನ ಕಿವಿಯ ವಿಷಯವನ್ನೂ ಹೇಳಿದೆ.

ಅಕ್ಕ ಮೊದಲು ಆಂಪ್ಲಿಫಯರಿನಲ್ಲಿ ಸದ್ದಿನ ಬಲ ಏರಿಸುವ ಗೇನ್ ತಿರುಪನ್ನು ಅರ್ಧಕ್ಕೆ ಇಳಿಸಿದರು. "ಪಾಪ, ಇದು ಗಂಟ್ಲು ಹರ್ಕೊಳ್ತಾ ಇದೆ ಕಣೋ. ಕಿವಿ ಮಂದ ಇರೋರಿಗೆ ಜೋರು ಬೇಡ, ಬಿಡಿಬಿಡಿಯಾಗಿ ಕೇಳ್ಬೇಕು." ಮಾತು ಒಡೆಯುವುದು ನಿಂತಿತು. ಕುಂಯ್ ಮಾತ್ರ ನಿಲ್ಲಲಿಲ್ಲ.

ಸೀಟು ತೆಗೆದು ಬಗ್ಗಿ ನೋಡಿದವರು ನಗಲು ಶುರುವಿಟ್ಟರು. ನಾನು ಅರ್ಥಿಂಗ್ ವೈರನ್ನು ಬಿಗಿದಿದ್ದ ಬೋಲ್ಟಿಗೆ ಪೇಂಟ್ ಇತ್ತು. ಅದರ ಮೇಲೆ ಅಮ್ಮ ಆಯುಧ ಪೂಜೆಗೆ ಮೆತ್ತಿದ್ದ ಅರಿಶಿನ ಕುಂಕುಮ ಪದರಗಟ್ಟಿ, ವೈರು ಲೋಹಕ್ಕೆ ಸರಿಯಾಗಿ ತಾಗಿರಲೇ ಇಲ್ಲ.

"ಕರೆಂಟ್ ಏನು ಅರಿಶಿನ ಕುಂಕುಮ ಇಸ್ಕೊಂಡ್ ಹೋಗಕ್ ಬಂದಿದೆಯಾ?"

"ಕೆರೆದ್ಬಿಡಿ ಅಕ್ಕ."

"ನಿಮ್ಮಮ್ಮ ಇಟ್ಟಿದ್ದನ್ನ ನಾನ್ಯಾಕೆ ಕೆರೀಲಿ?"

ಬೋಲ್ಟನ್ನು ಅದರ ಪಾಡಿಗೆ ಬಿಟ್ಟು, ದಪ್ಪ ವೈರೊಂದನ್ನು ಹಲ್ಲಿನಿಂದ ಸುಲಿದು, ನೇರ ಬ್ಯಾಟರಿಯ ಮೈನಸ್ಸಿಗೆ ಎಳೆದರು. ಪ್ಲಸ್ಸಿನಿಂದ ಬೇರೆ ವೈರು, ನಡುವೆ ಫ್ಯೂಸು. ದಪ್ಪ ಸದ್ದಿನ ಬೇಸ್ ಇಳಿಸಿದರು. "ಇಷ್ಟು ಪುಟ್ಟ ಸ್ಪೀಕರ್ ಕೈಲಿ ಡೊಳ್ಳು ಬಾರಿಸ್ಬೇಡ." ಕೊನೆಗೆ ರಸ್ತೆಗೆ ಮುಖ ಮಾಡಿದ್ದ ಸ್ಪೀಕರುಗಳನ್ನು ಸೀಟಿನ ಕಡೆ ತಿರುಗಿಸಿದರು. "ಕೇಳೋರು ನಿಮ್ಮಪ್ಪ, ಊರೋರಲ್ಲ." ಎಂಜಿನ್ ಸ್ಟಾರ್ಟ್ ಮಾಡಿದರೆ ಕುಂಯ್ ಇಲ್ಲ. ಅದು ಓಡುತ್ತಿರುವಾಗಲೇ, ಅಪ್ಪನ ಹಾಗೆ ಕೇಳಲೆಂದು ತಮ್ಮ ಒಂದು ಕಿವಿಗೆ ಪೂರ್ತಿ, ಇನ್ನೊಂದಕ್ಕೆ ಅರ್ಧ ಬೆರಳಿಟ್ಟು ಹಿಂದಿನ ಸೀಟಿನಲ್ಲಿ ಕೂತು ಕೇಳಿದರು. "ಹೂಂ, ಮನುಷ್ಯರ ಮಾತು ಇದು" ಅಂದರು.

ಮೆರವಣಿಗೆಯ ದಿನ ಅಪ್ಪ ನನ್ನ ಹಿಂದೆ ಹಾರ ಹಾಕಿಕೊಂಡು ಕೂತರು. ಸ್ಪೀಕರಿನಲ್ಲಿ ಒಬ್ಬೊಬ್ಬರ ಮಾತೂ ಮುಗಿಯುತ್ತಿತ್ತು, ಕನ್ನಡಿಯಲ್ಲಿ ಅಪ್ಪ ಹಾರ ಸರಿಮಾಡಿಕೊಳ್ಳುತ್ತಲೇ ಇದ್ದರು. ಎಲ್ಲ ನೀರಲ್ಲಿ ಹೋಮವಾಯಿತು ಅಂದುಕೊಂಡೆ. ಆಗ ಕ್ರೇನ್ ಓಡಿಸುವವರ ರೆಕಾರ್ಡಿಂಗಿನ ಸರದಿ ಬಂತು, ಆರಡಿಯ ಆಸಾಮಿ. ಅಪ್ಪ ನನ್ನ ಬೆನ್ನು ತಟ್ಟಿದರು.

"ನಿಲ್ಸೋ. ಇವ್ನ ದನಿ ಮರ್ತೇ ಹೋಗಿತ್ತು ಕಣೋ. ಆಳು ನೋಡಿದ್ರೆ ಆನೆ, ದನಿ ಇಷ್ಟು ಸಣ್ಣದಾ?"

ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹಿಂದಿನ ಬೈಕಿನಲ್ಲಿದ್ದ ಆಸಾಮಿಯೂ ನಕ್ಕರು. "ಮೊದ್ಲಿಂದ ಹಾಕು" ಅಂದರು ಅಪ್ಪ.

ಅಕ್ಕ ತೀರಿಹೋಗಿ ಎರಡು ವರ್ಷವಾಯಿತು. ಅಪ್ಪನಿಗೆ ಗೆಳೆಯರ ದನಿಯನ್ನು ವಾಪಸು ಕೊಟ್ಟವರು ಅವರು. ಆ ಋಣ ತೀರುವಂಥದ್ದಲ್ಲ. ಆಯುಧ ಪೂಜೆಗೆ ಅಮ್ಮ ಈಗಲೂ ಅದೇ ಬೋಲ್ಟಿಗೆ ಕುಂಕುಮ ಇಡುತ್ತಾಳೆ. ಅಕ್ಕನ ಹೆಸರಲ್ಲಿ ನಾನೂ ಆಂಪ್ಲಿಫಯರಿನ ಮುಚ್ಚಳಕ್ಕೆ ಒಂದು ಬೊಟ್ಟು ಇಡುತ್ತೇನೆ, ವೈರಿಗೆ ತಾಗದ ಹಾಗೆ.